ಕೊಲೆಗಾರನ ಮುಖ ಹುಡುಕಲು ಹೋದ ಕ್ಯಾಮೆರಾ

1877ರ ಹೊತ್ತಿಗೆ ಇಂಗ್ಲೆಂಡಿನ ಜೈಲುಗಳ ಮುಖ್ಯಸ್ಥನಾಗಿದ್ದ ಎಡ್ಮಂಡ್ ಡು ಕೇನ್ ತನ್ನ ಕೈದಿಗಳ ಫೋಟೋಗಳನ್ನು ಫ್ರಾನ್ಸಿಸ್ ಗಾಲ್ಟನ್‌ಗೆ ಕೊಟ್ಟ. ಗಾಲ್ಟನ್ ಆಗಲೇ ಹೆಸರಾಂತ ವಿಜ್ಞಾನಿ. ಆಫ್ರಿಕಾ ಸುತ್ತಿ ಬಂದಿದ್ದ. 1875ರಲ್ಲಿ ಪತ್ರಿಕೆಗೆ ಹವಾಮಾನ ನಕ್ಷೆ ಮಾಡಿಕೊಟ್ಟಿದ್ದ. ಚಾರ್ಲ್ಸ್ ಡಾರ್ವಿನ್‌ಗೆ ಹತ್ತಿರದ ಸಂಬಂಧಿ, ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ ತಾತ. ಅವನು ತಿಳಿಯಬೇಕೆಂದಿದ್ದು ಇಷ್ಟೇ: ಕೊಲೆಗಾರರಿಗೆಲ್ಲ ಸೇರಿ ಒಂದು ಮುಖ ಇದೆಯಾ? ಕಳ್ಳರಿಗೆ ಇನ್ನೊಂದು ಇದೆಯಾ?

ಮರುವರ್ಷವೇ ಉತ್ತರ ಸಿಕ್ಕಿತು. ಇಲ್ಲ ಅಂತ. ಅದನ್ನು ಗಾಲ್ಟನ್ ತಾನೇ ಬರೆದು ಅಚ್ಚು ಹಾಕಿಸಿದ. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಉತ್ತರವನ್ನು ಬೇರೆ ಥರ ಓದತೊಡಗಿದ. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಆ ಐದು ವರ್ಷಗಳಲ್ಲಿ. ಪ್ರಯೋಗ ನಡೆದಿತ್ತು, ಫಲಿತಾಂಶವೂ ಕಣ್ಣೆದುರಿಗೇ ಇತ್ತು. ಆದರೂ ಪ್ರಯೋಗ ಮಾಡಿದವನು ತನ್ನ ನಂಬಿಕೆಯನ್ನು ಬಿಡಲಿಲ್ಲ.

ಹಿನ್ನೆಲೆ

ಮುಖ ನೋಡಿ ಮಣೆ ಹಾಕುವುದು ಎಲ್ಲ ಊರಲ್ಲೂ ಇದೆ. ನಮ್ಮಲ್ಲಿ ಸಾಮುದ್ರಿಕ ಇದ್ದ ಹಾಗೆ ಯುರೋಪಿನಲ್ಲಿ ಮುಖಲಕ್ಷಣ ಶಾಸ್ತ್ರ ಗ್ರೀಕರ ಕಾಲದಿಂದಲೂ ಇತ್ತು. ಅದಕ್ಕೆ ಮರುಜೀವ ಕೊಟ್ಟವನು ಜ್ಯೂರಿಕ್‌ನ ಪಾದ್ರಿ ಯೋಹಾನ್ ಕಾಸ್ಪರ್ ಲಾವಾಟರ್. 1775ರಿಂದ 1778ರವರೆಗೆ ನಾಲ್ಕು ದಪ್ಪ ಸಂಪುಟ ಬರೆದ. ಹಣೆ, ಮೂಗು, ಗಲ್ಲ, ತುಟಿ ನೋಡಿ ಮನುಷ್ಯನ ಗುಣ ಹೇಳಬಹುದು ಅಂತ ಅವನ ವಾದ. ಪುಸ್ತಕ ಇಂಗ್ಲಿಷ್‌ಗೂ ಬಂತು, ಮನೆಮನೆಗೂ ಹೋಯಿತು.

ಇದರಿಂದ ಡಾರ್ವಿನ್‌ನ ಬದುಕೇ ಬೇರೆ ದಾರಿ ಹಿಡಿಯುವುದರಲ್ಲಿತ್ತು. 1831ರಲ್ಲಿ, ಮುಂದೆ ಡಾರ್ವಿನ್‌ನನ್ನು ಲೋಕ ಸುತ್ತಿಸಿದ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಈ ತರುಣನನ್ನು ನೋಡಿ ಹಿಂಜರಿದ. ಅವನು ಲಾವಾಟರ್‌ನ ಕಟ್ಟಾ ಅಭಿಮಾನಿ. ಇಂಥ ಮೂಗು ಇರುವವನಿಗೆ ದೂರ ಪ್ರಯಾಣಕ್ಕೆ ಬೇಕಾದ ಹುಮ್ಮಸ್ಸು, ಗಟ್ಟಿತನ ಇರಲಾರದು ಅಂತ ಅವನ ಅನುಮಾನ. ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಇದನ್ನು ನೆನೆಸಿಕೊಂಡಿದ್ದಾನೆ. ಮೂಗು ಸುಳ್ಳು ಹೇಳಿತ್ತು ಅಂತ ಆಮೇಲೆ ಫಿಟ್ಜ್‌ರಾಯ್‌ಗೆ ಮನದಟ್ಟಾಗಿರಬೇಕು ಅಂತಲೂ ಬರೆದಿದ್ದಾನೆ.

ಆದರೆ ಈ ಶಾಸ್ತ್ರಕ್ಕೆ ಕೆಟ್ಟ ಹೆಸರೂ ಅಂಟಿಕೊಂಡಿತ್ತು. ಹಿಂದೆ ಇಂಗ್ಲೆಂಡಿನ ಅಲೆಮಾರಿಗಳ ವಿರುದ್ಧದ ಕಾನೂನುಗಳು ಮುಖ ಓದುವವರನ್ನು ಕೈ ನೋಡಿ ಭವಿಷ್ಯ ಹೇಳುವವರ ಸಾಲಿನಲ್ಲೇ ಕೂರಿಸಿದ್ದವು. ತಲೆಬುರುಡೆಯ ಉಬ್ಬು ಮುಟ್ಟಿ ಸ್ವಭಾವ ಹೇಳುವ ವಿದ್ಯೆಯೂ 19ನೇ ಶತಮಾನದ ನಡುವೆ ಮರ್ಯಾದೆ ಕಳೆದುಕೊಂಡಿತು. ಹಾಗಾಗಿ ಮರ್ಯಾದಸ್ಥ ವಿಜ್ಞಾನಿ ಯಾರೂ ತಾನು ಮುಖಲಕ್ಷಣ ಓದುತ್ತೇನೆ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಡಾರ್ವಿನ್ 1872ರಲ್ಲಿ ಭಾವನೆಗಳ ಬಗ್ಗೆ ಪುಸ್ತಕ ಬರೆದಾಗ ಶುರುವಿನಲ್ಲೇ ಗೆರೆ ಎಳೆದ. ಮುಖದ ಸ್ನಾಯುಗಳು ಹೇಗೆ ಅಲುಗುತ್ತವೆ ಎನ್ನುವುದು ತನ್ನ ವಿಷಯ, ಬದಲಾಗದ ಮುಖದ ಆಕಾರದಿಂದ ಗುಣ ಹೇಳುವುದು ತನ್ನ ವಿಷಯ ಅಲ್ಲ ಅಂತ.

ಎಲ್ಲರೂ ಅಷ್ಟು ಎಚ್ಚರ ವಹಿಸಲಿಲ್ಲ. 1876ರಲ್ಲಿ ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ, ಕೆಲವರು ಹುಟ್ಟಾ ಅಪರಾಧಿಗಳು, ಅವರ ತಲೆ, ದವಡೆ, ಕಿವಿಗಳಲ್ಲೇ ಅದು ಕಾಣುತ್ತದೆ ಎಂದು ಪುಸ್ತಕ ತಂದ. ಹಳೆಯ ಶಾಸ್ತ್ರ ಅಳತೆಗೋಲು ಹಿಡಿದು ವಾಪಸ್ ಬಂದಿತ್ತು. ಗಾಲ್ಟನ್ ಕೆಲಸಕ್ಕೆ ಇಳಿದದ್ದು ಈ ಹೊತ್ತಿನಲ್ಲಿ.

ಕೈದಿಗಳ ಫೋಟೋ

ಈ ಪ್ರಯೋಗದ ಸಾಮಗ್ರಿ ಎಲ್ಲಿಂದ ಬಂತು ಎನ್ನುವುದನ್ನು ಗಾಲ್ಟನ್ ಬಗ್ಗೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ನನಗೆ ಇದು ತುಂಬ ಮುಖ್ಯ.

1871ರ ಅಪರಾಧ ತಡೆ ಕಾಯ್ದೆ ಶಿಕ್ಷೆಯಾದವರ ಫೋಟೋ ತೆಗೆದು ಇಡುವ ಪದ್ಧತಿಗೆ ಕಾನೂನಿನ ಬಲ ಕೊಟ್ಟಿತು. ಬಿಡುಗಡೆಯಾದವನು ಮತ್ತೆ ಸಿಕ್ಕಿಬಿದ್ದರೆ ಗುರುತು ಹಿಡಿಯಲಿ ಅಂತ. ಜೈಲಿನ ಅಂಗಳದಲ್ಲೋ ಕೋಣೆಯಲ್ಲೋ ಕೂರಿಸಿ ತೆಗೆಯುತ್ತಿದ್ದರು. ತಲೆಗೂದಲು ಕತ್ತರಿಸಿರುತ್ತಿತ್ತು, ಮೈಮೇಲೆ ಜೈಲಿನ ಬಟ್ಟೆ. ಎಷ್ಟೋ ಜನ ಬೇಕಂತಲೇ ಮುಖ ಸೊಟ್ಟ ಮಾಡುತ್ತಿದ್ದರು, ಗುರುತು ಸಿಗಬಾರದು ಅಂತ. ಹೀಗೆ ಬಂದ ಚಿತ್ರದಲ್ಲಿ ಒರಟು ಮುಖ ಕಂಡರೆ ಅದು ಆ ಮನುಷ್ಯನ ಸ್ವಭಾವವೋ, ಜೈಲಿನಲ್ಲಿ ಕಳೆದ ದಿನಗಳ ಗುರುತೋ, ಆ ಹೊತ್ತಿನ ಸಿಟ್ಟೋ ಯಾರು ಹೇಳಬೇಕು?

ಗಾಲ್ಟನ್‌ಗೆ ಈ ಫೋಟೋಗಳು ಹಿಡಿಸಿದ ಕಾರಣವೇ ಬೇರೆ. ಎಲ್ಲವೂ ಸರಿಸುಮಾರು ಒಂದೇ ಅಳತೆ, ಎಲ್ಲರೂ ಕೂತ ರೀತಿಯೂ ಒಂದೇ. ತನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ ಅಂತ ಅವನೇ ಬರೆದ. ಅವನು ಮಾಡಿಕೊಂಡ ಗುಂಪುಗಳಲ್ಲಿ ಮೊದಲನೆಯದು ಕೊಲೆ, ನರಹತ್ಯೆ (ಕೊಲ್ಲುವ ಸಂಚಿಲ್ಲದೆ ಜೀವ ತೆಗೆದದ್ದು) ಮತ್ತು ಹೊಡೆದು ದೋಚಿದವರದ್ದು. ಕಳ್ಳತನ ಮಾಡಿದವರದ್ದು ಬೇರೆ, ಲೈಂಗಿಕ ಅಪರಾಧ ಮಾಡಿದವರದ್ದು ಬೇರೆ. ಆಮೇಲೆ ಗುಂಪಿನೊಳಗೆ ತನ್ನ ಕಣ್ಣಿಗೆ ಒಂದೇ ಬಗೆ ಎಂದು ಕಂಡ ಮುಖಗಳನ್ನು ಆರಿಸಿಕೊಂಡ. ಇಲ್ಲೇ ಒಂದು ದೊಡ್ಡ ತೊಡಕಿದೆ ಅಲ್ವಾ? ಇರುವ ಹೋಲಿಕೆಯನ್ನು ಕ್ಯಾಮೆರಾ ತೋರಿಸಬೇಕಿತ್ತು. ಅದಕ್ಕೂ ಮೊದಲೇ ಗಾಲ್ಟನ್‌ನ ಕಣ್ಣು ಹೋಲಿಕೆಯನ್ನು ಹೆಕ್ಕಿಬಿಟ್ಟಿತ್ತು.

ಮುಖಗಳನ್ನು ಒಂದರ ಮೇಲೊಂದು ಹೇರಿ ನೋಡುವ ಯೋಚನೆ ಅವನೊಬ್ಬನದ್ದೇ ಅಲ್ಲ. ತಲೆಯ ಅಡ್ಡ, ಉದ್ದ ಸೀಳುನೋಟಗಳನ್ನು ಪಾರದರ್ಶಕ ಹಾಳೆಯಲ್ಲಿ ಬರೆದು, ಒಂದರ ಮೇಲೊಂದಿಟ್ಟು ಸರಾಸರಿ ನೋಡುವ ಉಪಾಯವನ್ನು ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಮೊದಲೇ ಮಾಡಿದ್ದ. ನ್ಯೂಜಿಲೆಂಡಿನ ಇನ್ವರ್ಕಾರ್ಗಿಲ್‌ನಿಂದ ಎ. ಎಲ್. ಆಸ್ಟಿನ್ ಎಂಬಾತ ಡಾರ್ವಿನ್‌ಗೆ 1877ರ ನವೆಂಬರಿನಲ್ಲಿ ಒಂದು ಕಾಗದ ಬರೆದಿದ್ದ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸುವ ಸ್ಟೀರಿಯೋಸ್ಕೋಪಿನಲ್ಲಿ ಇಬ್ಬರು ಹೆಂಗಸರ ಫೋಟೋ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಬೆರೆತು ಒಂದೇ ಮುಖ ಕಾಣುತ್ತದೆ, ಪ್ರತಿ ಸಲವೂ ಆ ಮುಖ ಹೆಚ್ಚು ಚೆಲುವಾಗಿರುತ್ತದೆ ಅಂತ. ಡಾರ್ವಿನ್ ಅದನ್ನು ಗಾಲ್ಟನ್‌ಗೆ ದಾಟಿಸಿದ. ಮುಂದೆ ಸಿಗಲಿದ್ದ ಫಲಿತಾಂಶದ ಸುಳಿವು ಆ ಕಾಗದದಲ್ಲೇ ಇತ್ತು.

ಪ್ರಯೋಗ

ಗಾಲ್ಟನ್‌ನ ಕೈಚಳಕವನ್ನು ಮೆಚ್ಚಲೇಬೇಕು. ಪ್ರತಿ ಫೋಟೋದಲ್ಲೂ ಎರಡು ಕಣ್ಣು ಒಂದೇ ಜಾಗಕ್ಕೆ ಬರುವ ಹಾಗೆ ಗುರುತು ಮಾಡಿ ತೂತು ಹಾಕಿದ. ಇಸ್ಪೀಟು ಎಲೆಗಳ ಕಟ್ಟಿನ ಹಾಗೆ ಎಲ್ಲವನ್ನೂ ಅವೇ ಎರಡು ಪಿನ್ನುಗಳ ಮೇಲೆ ತೂಗುಹಾಕಿದ. ಎದುರಿಗೆ ಕ್ಯಾಮೆರಾ. ಒಂದೊಂದೇ ಫೋಟೋ ಮಗುಚುತ್ತ ಹೋಗುವುದು, ಒಳಗೆ ಚಿತ್ರ ಮೂಡುವ ಪ್ಲೇಟು ಮಾತ್ರ ಒಂದೇ.

ಲೆಕ್ಕ ಸರಳ. ಒಂದು ಫೋಟೋ ಪೂರ್ತಿ ಮೂಡಲು 80 ಸೆಕೆಂಡ್ ಬೆಳಕು ಬೇಕು ಅಂತಿಟ್ಟುಕೊಳ್ಳಿ. ಎಂಟು ಫೋಟೋ ಇದ್ದರೆ ಒಂದೊಂದಕ್ಕೆ 10 ಸೆಕೆಂಡ್. ಯಾವ ಒಂದು ಮುಖವೂ ಸ್ಪಷ್ಟವಾಗಿ ಮೂಡುವುದಿಲ್ಲ. ಎಂಟರಲ್ಲೂ ಒಂದೇ ಕಡೆ ಇರುವ ಗೆರೆ ಗಾಢವಾಗಿ ಬರುತ್ತದೆ. ಒಬ್ಬನಲ್ಲಿ ಮಾತ್ರ ಇರುವ ಗಾಯದ ಕಲೆ ಮಸುಕಾಗಿ ಅಳಿದುಹೋಗುತ್ತದೆ. ಹೀಗೆ ಬಂದ ಕಾಂಪೊಸಿಟ್ ಚಿತ್ರ ಯಾವೊಬ್ಬ ಮನುಷ್ಯನದ್ದೂ ಅಲ್ಲ, ಗುಂಪಿನ ಸರಾಸರಿ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟ್ಲೆ ಅಂಕಿಗಳಲ್ಲಿ ಹುಡುಕಿದ ‘ಸರಾಸರಿ ಮನುಷ್ಯ’ನನ್ನು ಗಾಲ್ಟನ್ ಫೋಟೋದಲ್ಲಿ ಹುಡುಕಿದ ಅನ್ನಬಹುದು.

ಕೊಲೆಗಾರರ ಚಿತ್ರಗಳನ್ನು ಬೆರೆಸಿದಾಗ ಬಂದದ್ದು ಒಬ್ಬ ಸಾಧಾರಣ, ಸೌಮ್ಯ ಮುಖದ ಗಂಡಸು. ಬಿಡಿ ಫೋಟೋಗಳಲ್ಲಿ ಭಯ ಹುಟ್ಟಿಸುತ್ತಿದ್ದ ಒಂದು ಲಕ್ಷಣವೂ ಉಳಿದಿರಲಿಲ್ಲ. 1878ರ ಲೇಖನದಲ್ಲಿ ಗಾಲ್ಟನ್ ಅದನ್ನು ಮುಚ್ಚಿಡಲಿಲ್ಲ. ಬೆರೆಸಿದ ಮುಖಗಳು ಬಿಡಿ ಮುಖಗಳಿಗಿಂತ ಎಷ್ಟೋ ಚೆನ್ನಾಗಿ ಕಾಣುತ್ತವೆ ಎಂದ. ದುಷ್ಟತನ ಸೂಸುತ್ತಿದ್ದ ಸೊಟ್ಟಪಟ್ಟ ಲಕ್ಷಣಗಳೆಲ್ಲ ಹೋಗಿ, ಅಡಿಯಲ್ಲಿದ್ದ ಸಾಮಾನ್ಯ ಮನುಷ್ಯತನ ಗೆದ್ದಿದೆ ಎಂದ. ಈ ಚಿತ್ರಗಳು ತೋರಿಸುವುದು ಅಪರಾಧಿಯನ್ನಲ್ಲ, ಅಪರಾಧಕ್ಕೆ ಜಾರಬಹುದಾದ ಮನುಷ್ಯನನ್ನು ಎಂದೂ ಸೇರಿಸಿದ.

ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಗಾಲ್ಟನ್ ಮೇಲೆ ಗೌರವ ಮೂಡುತ್ತದೆ. ಹುಡುಕಿದ್ದು ಸಿಗಲಿಲ್ಲ ಅಂತ ಹೇಳುವುದು ಸುಲಭ ಅಲ್ಲ. ಅದರಲ್ಲೂ ಜೈಲು ಇಲಾಖೆ ನಂಬಿ ಫೋಟೋ ಕೊಟ್ಟಿರುವಾಗ.

ಯಾಕೆ ಹೀಗಾಯಿತು ಎನ್ನುವುದು ಇಂದು ನಮಗೆ ಗೊತ್ತು. ಒಬ್ಬನ ಮೂಗು ಎಡಕ್ಕೆ ವಾಲಿದ್ದರೆ ಇನ್ನೊಬ್ಬನದ್ದು ಬಲಕ್ಕೆ. ಒಬ್ಬನ ಹುಬ್ಬು ಇಳಿದಿದ್ದರೆ ಇನ್ನೊಬ್ಬನದ್ದು ಏರಿದೆ. ಬೆರೆಸಿದಾಗ ಇವು ಒಂದನ್ನೊಂದು ಕಳೆಯುತ್ತವೆ, ಮುಖ ಎರಡೂ ಕಡೆ ಸಮ ಆಗುತ್ತದೆ. ಚರ್ಮದ ಕಲೆ, ಸುಕ್ಕು ಕರಗಿ ನುಣುಪಾಗುತ್ತದೆ. ಇದು ಯಾವ ಗುಂಪಿಗಾದರೂ ಆಗುತ್ತದೆ. ಪಾದ್ರಿಗಳ ಫೋಟೋ ಬೆರೆಸಿದರೂ ಅಷ್ಟೇ, ಕೊಲೆಗಾರರ ಫೋಟೋ ಬೆರೆಸಿದರೂ ಅಷ್ಟೇ. ಕೊಲೆಗಾರರಿಗೆಲ್ಲ ನಿಜವಾಗಿಯೂ ಸಾಮಾನ್ಯವಾದ ಒಂದು ಗುರುತು ಇದ್ದಿದ್ದರೆ ಮಾತ್ರ ಅದು ಅಳಿಯದೆ ಉಳಿಯಬೇಕಿತ್ತು. ಉಳಿಯಲಿಲ್ಲ.

ಕ್ಷಯದ ಮುಖ

ಗಾಲ್ಟನ್ ಅಲ್ಲಿಗೆ ನಿಲ್ಲಿಸಲಿಲ್ಲ. ಅಪರಾಧದ ಬದಲು ರೋಗ ಹಿಡಿದ. ಆ ಕಾಲದ ವೈದ್ಯರಲ್ಲಿ ಒಂದು ಗಟ್ಟಿ ನಂಬಿಕೆ ಇತ್ತು: ಕ್ಷಯ ಬರುವವರ ಮುಖವೇ ಬೇರೆ. ಕಿರಿದಾದ ಕೋಲು ಮುಖ, ತೆಳ್ಳನೆ ಚರ್ಮ, ಹೊಳೆಯುವ ಕಣ್ಣು. ಪಠ್ಯಪುಸ್ತಕಗಳಲ್ಲೂ ಇದು ಇತ್ತು.

ಜೊತೆಗೆ ಸಿಕ್ಕವನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಫ್ರೆಡರಿಕ್ ಅಕ್ಬರ್ ಮೊಹಮದ್. ಹೆಸರು ನೋಡಿ ಅಚ್ಚರಿಯಾಗಬಹುದು. ಪಾಟ್ನಾದಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೊದಲ ಭಾರತೀಯನೆನಿಸಿ, ಬ್ರೈಟನ್‌ನಲ್ಲಿ ಚಂಪಿ ಸ್ನಾನದ ಮನೆ ನಡೆಸಿ ಹೆಸರಾದ ಶೇಖ್ ದೀನ್ ಮೊಹಮದ್‌ನ ಮೊಮ್ಮಗ ಈತ. ರಕ್ತದ ಒತ್ತಡದ ಬಗ್ಗೆ ಈತ ಮಾಡಿದ ಕೆಲಸ ವೈದ್ಯಲೋಕದಲ್ಲಿ ಇಂದಿಗೂ ನೆನಪಿನಲ್ಲಿದೆ. 1884ರಲ್ಲಿ ಟೈಫಾಯ್ಡ್‌ನಿಂದ ಸತ್ತಾಗ ವಯಸ್ಸು ಇನ್ನೂ 35.

ಮುಖಲಕ್ಷಣವನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಡ್ಡಿದ ಇನ್ನೊಂದು ಉದಾಹರಣೆ ಆ ಶತಮಾನದಲ್ಲಿ ನನಗೆ ಕಂಡಿಲ್ಲ. 442 ಕ್ಷಯ ರೋಗಿಗಳ ಫೋಟೋ ತೆಗೆಸಿದರು. ಜೊತೆಗೆ, ಕ್ಷಯ ಇಲ್ಲದ 200 ರೋಗಿಗಳ ಫೋಟೋ ಕೂಡ. ಕೈದಿಗಳ ಪ್ರಯೋಗದಲ್ಲಿ ಇಲ್ಲದ್ದು ಇಲ್ಲಿ ಬಂತು, ಹೋಲಿಸಿ ನೋಡಲು ಇನ್ನೊಂದು ಗುಂಪು. ಕೊಲೆಗಾರರ ಪಕ್ಕದಲ್ಲಿ ಕೊಲೆ ಮಾಡದ ಬಡವರ ಚಿತ್ರಗಳನ್ನು ಗಾಲ್ಟನ್ ಇಟ್ಟಿದ್ದರೆ ಅಲ್ಲೂ ವಿಷಯ ಬೇಗ ಇತ್ಯರ್ಥ ಆಗುತ್ತಿತ್ತು.

1882ರಲ್ಲಿ ವರದಿ ಬಂತು. ಕಿರಿದಾದ ಕೋಲು ಮುಖ ಕ್ಷಯ ಇದ್ದವರಲ್ಲಿ ಎಷ್ಟೋ ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕ್ಷಯಕ್ಕೆ ಒಂದು ವಿಶೇಷ ಮುಖ ಇದೆ ಎನ್ನುವ ನಂಬಿಕೆಗೆ ಆಧಾರ ಸಿಗಲಿಲ್ಲ ಅಂತ ಇಬ್ಬರೂ ಒಪ್ಪಿಕೊಂಡರು. ಅದೇ ವರ್ಷದ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕೋಕ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದನ್ನು ಸಾರಿದ್ದ. ರೋಗದ ಕಾರಣ ಗಲ್ಲದ ಆಕಾರದಲ್ಲಿ ಇರಲಿಲ್ಲ, ಸೂಕ್ಷ್ಮದರ್ಶಕದ ಕೆಳಗೆ ಇತ್ತು.

1883

ಎರಡು ಸಲ ಪ್ರಶ್ನೆ ಕೇಳಿದ, ಎರಡು ಸಲವೂ ಇಲ್ಲ ಎನ್ನುವ ಉತ್ತರ ಬಂತು. ಇಷ್ಟರ ಮೇಲೆ ಗಾಲ್ಟನ್ ಏನು ಮಾಡಿದ?

1883ರಲ್ಲಿ ಮನುಷ್ಯನ ಶಕ್ತಿಗಳ ಬಗ್ಗೆ ಒಂದು ಪುಸ್ತಕ ತಂದ. ಮೊದಲ ಪುಟದ ಎದುರಿಗೇ ಕಾಂಪೊಸಿಟ್ ಚಿತ್ರಗಳಿದ್ದವು. ಕೈದಿಗಳ ಚಿತ್ರದ ಬಗ್ಗೆ ಮತ್ತೆ ಬರೆದ. ಬಿಡಿ ಮುಖಗಳು ದುಷ್ಟವೇ, ಆದರೆ ಒಂದೊಂದು ಒಂದೊಂದು ರೀತಿಯಲ್ಲಿ ದುಷ್ಟ. ಬೆರೆಸಿದಾಗ ಆ ವಿಶೇಷಗಳು ಹೋಗುತ್ತವೆ. ಇಷ್ಟು ಹಳೆಯದೇ. ಆದರೆ 1878ರಲ್ಲಿ ಗೆದ್ದು ನಿಂತಿದ್ದ ‘ಸಾಮಾನ್ಯ ಮನುಷ್ಯತನ’ ಈಗ ‘ಕೀಳು ದರ್ಜೆಯ ಸಾಮಾನ್ಯ ಮನುಷ್ಯತನ’ ಆಗಿತ್ತು. ಅದಷ್ಟೇ ಉಳಿಯುತ್ತದೆ ಅಂತ ಬರೆದ.

ಅದೇ ಪ್ರಯೋಗ, ಅದೇ ಕೈದಿಗಳು. ಈ ಕೀಳು ದರ್ಜೆ ಎಲ್ಲಿಂದ ಬಂತು? ಫೋಟೋದಿಂದ ಬಂದಿರಲಾರದು. ಬೆರೆಸಿದ ಮುಖ ಹೆಚ್ಚು ಚೆನ್ನಾಗಿದೆ ಅಂದವನು ಅವನೇ ತಾನೆ. ಇದೇ ಪುಸ್ತಕದಲ್ಲಿ ಗಾಲ್ಟನ್ ‘ಯುಜೆನಿಕ್ಸ್’ ಎಂಬ ಪದವನ್ನು ಮೊದಲ ಬಾರಿ ಬಳಸಿದ. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕು, ಕೀಳು ತಳಿಯನ್ನು ಕಡಿಮೆ ಮಾಡಬೇಕು ಎನ್ನುವ ವಿಚಾರ ಅದು. ಮುಂದೆ ಅಮೆರಿಕದಲ್ಲಿ, ಜರ್ಮನಿಯಲ್ಲಿ ಲಕ್ಷಾಂತರ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ವಿಚಾರ. ಮನುಷ್ಯರಲ್ಲಿ ಮೇಲು ಕೀಳು ತಳಿ ಇದೆ ಎನ್ನುವ ನಂಬಿಕೆ ಗಾಲ್ಟನ್‌ಗೆ ಮೊದಲೇ ಇತ್ತು. ಪ್ರಯೋಗ ಅದಕ್ಕೆ ಆಧಾರ ಕೊಡಲಿಲ್ಲ. ಆಗ ಅವನು ಪ್ರಯೋಗದ ಫಲವನ್ನೇ ನಂಬಿಕೆಯ ಕಡೆಗೆ ಎಳೆದುಕೊಂಡ.

ಎರಡು ವರ್ಷದ ನಂತರ ಲಂಡನ್ನಿನ ಯಹೂದಿ ಶಾಲೆಯ ಹುಡುಗರ ಕಾಂಪೊಸಿಟ್ ಮಾಡಿದಾಗ ಇದು ಇನ್ನೂ ಸ್ಪಷ್ಟ ಆಯಿತು. ಮಾಡಿಸಿದ್ದು ಜೋಸೆಫ್ ಜೇಕಬ್ಸ್ ಎಂಬ ಯಹೂದಿ ವಿದ್ವಾಂಸ. ತನ್ನ ಜನರ ಬಗ್ಗೆ ಒಳ್ಳೆಯದನ್ನು ಹೇಳಲು ಅವನಿಗೆ ಆ ಚಿತ್ರ ಬೇಕಿತ್ತು. ಗಾಲ್ಟನ್‌ಗೆ ಅಲ್ಲಿ ಕಂಡಿದ್ದು ತಣ್ಣನೆಯ, ಅಳೆದು ನೋಡುವ ನೋಟ. ಅದನ್ನು ಯಹೂದಿಗಳ ಕೇರಿಯಲ್ಲಿ ಓಡಾಡುವಾಗಲೇ ಗಮನಿಸಿದ್ದೆ ಅಂತ ಅವನೇ ಬರೆದ. ಅಂದರೆ ಕ್ಯಾಮೆರಾ ಮುಟ್ಟುವ ಮೊದಲೇ ನೋಡಿಯಾಗಿತ್ತು.

ಆಮೇಲೆ

ವಿಚಿತ್ರ ಏನೆಂದರೆ, ಬೆರಳಚ್ಚಿನ ವಿಷಯದಲ್ಲಿ ಇದೇ ಗಾಲ್ಟನ್ ಬೇರೆ ಥರ ನಡೆದುಕೊಂಡ. ಬಂಗಾಳದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಿಂದ ಕೈ ಮತ್ತು ಬೆರಳಿನ ಗುರುತು ಪಡೆಯುತ್ತಿದ್ದ. ಆ ಸಾಮಗ್ರಿಯೂ ಸೇರಿ ಗಾಲ್ಟನ್ 1892ರಲ್ಲಿ ಬೆರಳಚ್ಚಿನ ಪುಸ್ತಕ ತಂದ. ಬೆರಳಗೆರೆಯಲ್ಲಿ ಜನಾಂಗ, ಸ್ವಭಾವ ಕಾಣಬಹುದು ಅಂತ ದೊಡ್ಡ ಆಸೆ ಇಟ್ಟುಕೊಂಡಿದ್ದೆ, ಅದು ಸುಳ್ಳಾಯಿತು ಅಂತ ಅಲ್ಲಿ ನೇರವಾಗಿ ಬರೆದ. ಆ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಬೆರಳಗೆರೆ ನೋಡಿದರೆ ಯಾರಿಗೂ ಅಸಹ್ಯ ಹುಟ್ಟುವುದಿಲ್ಲ, ಪ್ರೀತಿಯೂ ಹುಟ್ಟುವುದಿಲ್ಲ. ಮುಖದ ಮೇಲೆ ಮಾತ್ರ ನಮಗೆಲ್ಲ ಮೊದಲೇ ಒಂದು ತೀರ್ಪು ಇರುತ್ತದೆ. ವ್ಯತ್ಯಾಸ ಬಂದಿದ್ದು ಇಲ್ಲಿಂದ ಅಂತ ನನ್ನ ಅನಿಸಿಕೆ. ಆ ಬೆರಳಚ್ಚನ್ನು ಪೊಲೀಸರ ಕೆಲಸಕ್ಕೆ ಒಗ್ಗುವ ಹಾಗೆ ವಿಂಗಡಿಸಿದವರಲ್ಲಿ ಕಲ್ಕತ್ತೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದರು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದ್ದಾಯಿತು.

ಅಳತೆಗೋಲು ನಮ್ಮ ಕಡೆಗೂ ಬಂತು. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ತಲೆ, ಮೂಗು ಅಳೆಯುತ್ತ ಹೋದ. 1909ರಲ್ಲಿ ಬಂದ ಏಳು ಸಂಪುಟಗಳಲ್ಲಿ ಕನ್ನಡ, ತುಳು ನಾಡಿನ ಸಮುದಾಯಗಳ ಮೂಗಿನ ಅಳತೆಗಳೂ ಇವೆ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಸಾರಿದ್ದ ಕಾಲ ಅದು.

ಇಂಗ್ಲೆಂಡಿನಲ್ಲಿ ಅಪರಾಧಿಯ ದೇಹದ ಪ್ರಶ್ನೆಗೆ ದೊಡ್ಡ ಪರೀಕ್ಷೆ ನಡೆದದ್ದು 1913ರಲ್ಲಿ. ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳ ಅಳತೆ ತೆಗೆದು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಸೈನಿಕರ ಜೊತೆ ಹೋಲಿಸಿದ. ದೇಹ ನೋಡಿ ಗುರುತಿಸಬಹುದಾದ ಅಪರಾಧಿ ಮಾದರಿ ಅಂತ ಒಂದಿಲ್ಲ ಅಂದ. ಆದರೆ ಅವನೂ ಅಲ್ಲಿಗೆ ಬಿಡಲಿಲ್ಲ. ಕೈದಿಗಳು ಎತ್ತರ, ತೂಕದಲ್ಲಿ ಕಡಿಮೆ, ಬುದ್ಧಿಯಲ್ಲೂ ಕಡಿಮೆ, ಅದು ಹುಟ್ಟಿನಿಂದ ಬಂದದ್ದು ಅಂತ ವಾದಿಸಿದ. ಹಸಿವಿನಲ್ಲಿ ಬೆಳೆದವರು ಕುಳ್ಳಗಿರುತ್ತಾರೆ ಎನ್ನುವುದಕ್ಕೆ ಅವನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

2016ರಲ್ಲಿ ಚೀನಾದ ಶಾಂಘೈನ ಇಬ್ಬರು ಸಂಶೋಧಕರು ಇದೇ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದರು. 1856 ಗಂಡಸರ ಫೋಟೋ, ಅದರಲ್ಲಿ 730 ಜನ ಶಿಕ್ಷೆಯಾದವರು ಅಥವಾ ಪೊಲೀಸರಿಗೆ ಬೇಕಾದವರು. ಯಾರು ಅಪರಾಧಿ ಅಂತ ನೂರಕ್ಕೆ ಸುಮಾರು 90 ಸಲ ಸರಿಯಾಗಿ ಹೇಳುತ್ತದೆ ಅಂದರು. ಎರಡೂ ಗುಂಪಿನ ಸರಾಸರಿ ಮುಖಗಳನ್ನೂ ಮಾಡಿ ತೋರಿಸಿದರು. ಅವೆರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದವು, ಅಪರಾಧಿಗಳ ಗುಂಪಿನೊಳಗೆ ಮಾತ್ರ ಮುಖದ ವೈವಿಧ್ಯ ಜಾಸ್ತಿ ಇತ್ತು. ಒಂದೊಂದು ಒಂದೊಂದು ರೀತಿ ಎಂದು ಗಾಲ್ಟನ್ ಬರೆದದ್ದು ಇದನ್ನೇ.

ಬೇರೆ ವಿಜ್ಞಾನಿಗಳು ಆ ಫೋಟೋಗಳ ಮೂಲ ಕೆದಕಿದರು. ಅಪರಾಧಿಗಳ ಚಿತ್ರ ಪೊಲೀಸರಿಂದ ಬಂದಿತ್ತು, ಉಳಿದವರದ್ದು ಇಂಟರ್ನೆಟ್ಟಿನಿಂದ. ಅಚ್ಚಾದ ಮಾದರಿಗಳಲ್ಲಿ ಅಪರಾಧಿಗಳಲ್ಲದವರೆಲ್ಲ ಬಿಳಿ ಕಾಲರಿನ ಅಂಗಿ ತೊಟ್ಟಿದ್ದರು, ಅಪರಾಧಿಗಳಲ್ಲಿ ಯಾರೂ ತೊಟ್ಟಿರಲಿಲ್ಲ. ಒಂದು ಗುಂಪಿನ ತುಟಿಯಲ್ಲಿ ಸಣ್ಣ ನಗು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಂಪ್ಯೂಟರ್ ಹಿಡಿದದ್ದು ಬಹುಶಃ ಈ ನಗುವನ್ನೇ ಅಂತ ಅವರು ತೋರಿಸಿಕೊಟ್ಟರು.